ಐವರು ಗಂಡುಮಕ್ಕಳಿದ್ದೂ ವಿಲಿಯಂ ಮಾರ್ಷಲನ ಮನೆತನ ನಿಂತುಹೋದದ್ದು ಹೇಗೆ?

ಪ್ರಶ್ನೆ: ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ನೆಲದ ಮೇಲೆ ಮಲಗಿಸಿರುವ ನೈಟ್‌ಗಳ ಕಲ್ಲಿನ ಪ್ರತಿಮೆಗಳನ್ನು ನೋಡಿದೆವು. ಅವುಗಳಲ್ಲೊಂದು ಪೆಂಬ್ರೋಕಿನ ಅರ್ಲ್ ವಿಲಿಯಂ ಮಾರ್ಷಲನದಂತೆ. ಅವನಿಗೆ ಐದು ಗಂಡು, ಐದು ಹೆಣ್ಣುಮಕ್ಕಳು. ಒಬ್ಬ ಬಿಷಪ್ಪನ ಶಾಪ ತಟ್ಟಿ ಐವರು ಗಂಡುಮಕ್ಕಳೂ ಸಂತಾನವಿಲ್ಲದೆ ಸತ್ತು ವಂಶ ನಿರ್ನಾಮವಾಯಿತು ಎಂದು ಗೈಡ್ ಹೇಳಿದರು. ಇದು ನಿಜವೇ? ನಿಜವಾದರೆ, ದತ್ತು ತೆಗೆದುಕೊಂಡು ಮನೆತನ ಉಳಿಸಿಕೊಳ್ಳಬಹುದಿತ್ತಲ್ಲ? ಅಷ್ಟು ದೊಡ್ಡ ಆಸ್ತಿ ಕೊನೆಗೆ ಯಾರ ಪಾಲಾಯಿತು?

ಉತ್ತರ: ಗೈಡ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. 1231ರಿಂದ 1245ರೊಳಗೆ, ಅಂದರೆ ಹದಿನಾಲ್ಕು ವರ್ಷಗಳಲ್ಲಿ, ಐವರು ಅಣ್ಣತಮ್ಮಂದಿರೂ ಒಬ್ಬರ ಹಿಂದೊಬ್ಬರಂತೆ ತೀರಿಹೋದರು. ಯಾರಿಗೂ ಮದುವೆಯಿಂದ ಹುಟ್ಟಿದ ಮಕ್ಕಳಿರಲಿಲ್ಲ. ಶಾಪದ ಕಥೆಯೂ ಗೈಡ್ ಕಟ್ಟಿದ್ದಲ್ಲ, ಹದಿಮೂರನೆಯ ಶತಮಾನದ್ದೇ. ನಾನು ಒಪ್ಪದಿರುವುದು "ವಂಶ ನಿರ್ನಾಮ" ಎನ್ನುವ ಮಾತನ್ನು. ಮಾರ್ಷಲ್ ಎಂಬ ಹೆಸರು ನಿಂತಿತು, ರಕ್ತ ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ರಾಜ ರಾಬರ್ಟ್ ಬ್ರೂಸ್ ಇದೇ ವಿಲಿಯಂನ ಮರಿಮಗನ ಮಗ. ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ ಇದು ನಿರ್ನಾಮದ ಕಥೆ. ಆ ಕಾಲದ ಇಂಗ್ಲೆಂಡಿನ ಕಾನೂನೇ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ವಿಲಿಯಂ ಸಿರಿವಂತನಾದದ್ದೂ ಆ ಕಾನೂನಿನ ದೆಸೆಯಿಂದಲೇ. ಹಾಗಾಗಿ ಅವನು ಮೇಲೆ ಬಂದ ಬಗೆಯಿಂದಲೇ ಶುರುಮಾಡಬೇಕು.

ವಿಲಿಯಂ ಹುಟ್ಟಿದ್ದು 1147ರ ಸುಮಾರಿಗೆ. ಅಪ್ಪನ ಹೆಸರು ಜಾನ್. ಅವನು ರಾಜನ ಮಾರ್ಷಲ್, ಅಂದರೆ ಅರಮನೆಯ ಕುದುರೆಗಳು ಮತ್ತು ಶಿಸ್ತಿನ ಉಸ್ತುವಾರಿ ನೋಡುವ ಅಧಿಕಾರಿ. ಹುದ್ದೆ ವಂಶಪಾರಂಪರ್ಯವಾಗಿ ಬಂದದ್ದು. ಮನೆತನಕ್ಕೆ ಹೆಸರೂ ಅದರಿಂದಲೇ. ದೊಡ್ಡ ಕುಳವೇನಲ್ಲ. ನೆರೆಯ ಸಾಲ್ಸ್‌ಬರಿಯ ಪ್ಯಾಟ್ರಿಕ್‌ನೊಡನೆ ಕಾದಾಡಿ ಸಾಕಾದ ಮೇಲೆ ಜಾನ್ ತನ್ನ ಮೊದಲ ಹೆಂಡತಿಯನ್ನು ಬಿಟ್ಟು, ಪ್ಯಾಟ್ರಿಕ್‌ನ ತಂಗಿ ಸಿಬಿಲ್‌ಳನ್ನು ಮದುವೆಯಾಗಿ ರಾಜಿ ಮಾಡಿಕೊಂಡ. ಆ ಮದುವೆಯ ಎರಡನೆಯ ಮಗ ನಮ್ಮ ವಿಲಿಯಂ. ಮೊದಲ ಹೆಂಡತಿಯ ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಅವನು ಸಾಲಿನಲ್ಲಿ ನಾಲ್ಕನೆಯವನು. ಆಸ್ತಿಯೆಲ್ಲ ಹಿರಿಯನಿಗೆ ಹೋಗುವ ಪದ್ಧತಿಯಲ್ಲಿ ನಾಲ್ಕನೆಯವನ ಪಾಲಿಗೆ ಏನೂ ಇಲ್ಲ.

ಇನ್ನೂ ಐದಾರು ವರ್ಷದ ಹುಡುಗನಿದ್ದಾಗ ಅವನ ಪ್ರಾಣಕ್ಕೇ ಸಂಚಕಾರ ಬಂದಿತ್ತು. 1152ರಲ್ಲಿ ರಾಜ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದ. ಜಾನ್ ಒಪ್ಪಂದಕ್ಕೆ ಒತ್ತೆಯಾಗಿ ಮಗನನ್ನು ಕೊಟ್ಟ, ಆಮೇಲೆ ಮಾತಿಗೆ ತಪ್ಪಿದ. ಹುಡುಗನನ್ನು ನೇಣಿಗೇರಿಸುತ್ತೇವೆ ಎಂದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡುವ ಸುತ್ತಿಗೆಯೂ ಅಡೆಗಲ್ಲೂ ನನ್ನ ಬಳಿ ಇವೆ ಎಂದು ಹೇಳಿ ಕಳುಹಿಸಿದನಂತೆ! ಸ್ಟೀಫನ್ನನಿಗೆ ಕೊಲ್ಲಲು ಮನಸ್ಸು ಬರಲಿಲ್ಲ. ಡೇರೆಯಲ್ಲಿ ಆ ಮಗುವಿನ ಜೊತೆ ಹುಲ್ಲಿನ ಎಸಳುಗಳನ್ನು ಸೈನಿಕರಂತೆ ಹಿಡಿದು ಆಟ ಆಡುತ್ತ ಕೂತಿದ್ದ ಎಂಬ ವಿವರವೂ ಇದೆ. ಇದೆಲ್ಲ ನಮಗೆ ಗೊತ್ತಿರುವುದು ವಿಲಿಯಂ ತೀರಿಕೊಂಡ ಮೇಲೆ ಅವನ ಹಿರಿಯ ಮಗ ಬರೆಸಿದ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಫ್ರೆಂಚ್ ಪದ್ಯ ಚರಿತ್ರೆಯಿಂದ. ಮಗ ಹಣ ಕೊಟ್ಟು ಬರೆಸಿದ್ದು ಎಂಬುದನ್ನು ಓದುವವರು ಮರೆಯಬಾರದು. ಹೊಗಳಿಕೆ ಧಾರಾಳ, ಮುಜುಗರದ ಸಂಗತಿಗಳು ಬಂದಲ್ಲಿ ಕವಿ ಬೇಗಬೇಗ ಹೆಜ್ಜೆ ಹಾಕುತ್ತಾನೆ. ಆದರೂ ರಾಜನಲ್ಲದ ಒಬ್ಬ ಮಧ್ಯಯುಗದ ಮನುಷ್ಯನ ಬದುಕು ಇಷ್ಟು ಹತ್ತಿರದಿಂದ ಸಿಗುವುದು ಅಪರೂಪ.

ಹದಿಹರೆಯದಲ್ಲಿ ಅವನನ್ನು ನಾರ್ಮಂಡಿಯಲ್ಲಿದ್ದ ತಾಯಿಯ ಕಡೆಯ ನೆಂಟನೊಬ್ಬನ ಮನೆಗೆ ಯುದ್ಧವಿದ್ಯೆ ಕಲಿಯಲು ಕಳುಹಿಸಿದರು. ನೈಟ್ ಆದ ಮೇಲೆ ಜೀವನಕ್ಕೆ ಟೂರ್ನಮೆಂಟುಗಳೇ ಗತಿಯಾದವು. ಆಗಿನ ಟೂರ್ನಮೆಂಟ್ ಸಿನಿಮಾದಲ್ಲಿ ತೋರಿಸುವ ಹಾಗೆ ಇಬ್ಬರು ಈಟಿ ಹಿಡಿದು ಎದುರುಬದುರಾಗುವ ಆಟವಲ್ಲ. ಹೊಲ, ಹಳ್ಳಿ, ದ್ರಾಕ್ಷಿತೋಟಗಳ ಮೇಲೆಲ್ಲ ಹರಡಿಕೊಂಡು ಎರಡು ಪಡೆಗಳು ದಿನವಿಡೀ ನಡೆಸುವ ಹುಸಿಯುದ್ಧ ಅದು. ಎದುರಾಳಿಯನ್ನು ಸೆರೆಹಿಡಿದರೆ ಅವನ ಕುದುರೆ, ಆಯುಧ, ಬಿಡುಗಡೆಯ ಹಣ ಎಲ್ಲ ಹಿಡಿದವನಿಗೆ. ಒಬ್ಬ ಜೊತೆಗಾರನೊಂದಿಗೆ ಪಾಲುದಾರಿಕೆ ಮಾಡಿಕೊಂಡು ವಿಲಿಯಂ ಹತ್ತೇ ತಿಂಗಳಲ್ಲಿ 103 ನೈಟ್‌ಗಳನ್ನು ಹಿಡಿದನೆಂದು ಪದ್ಯ ಹೇಳುತ್ತದೆ, ಅದೂ ಗುಮಾಸ್ತನ ಲೆಕ್ಕದ ಆಧಾರದ ಮೇಲೆ.

ಈ ನಡುವೆ 1168ರಲ್ಲಿ ಪ್ವಾಟೂವಿನಲ್ಲಿ ಸೋದರಮಾವ ಪ್ಯಾಟ್ರಿಕ್ ಹೊಂಚುದಾಳಿಗೆ ಸಿಕ್ಕಿ ಸತ್ತ. ವಿಲಿಯಂ ತೊಡೆಗೆ ಗಾಯ ಮಾಡಿಕೊಂಡು ಸೆರೆಯಾದ. ರಾಜ ಎರಡನೆಯ ಹೆನ್ರಿಯ ಹೆಂಡತಿ, ರಾಣಿ ಎಲೀನರ್ ಹಣ ಕೊಟ್ಟು ಬಿಡಿಸಿದಳು. ಅಲ್ಲಿಂದ ಅವನ ನಸೀಬು ಖುಲಾಯಿಸಿತು. 1170ರಲ್ಲಿ ಅವಳ ಮಗ, ತಂದೆ ಬದುಕಿರುವಾಗಲೇ ಪಟ್ಟ ಕಟ್ಟಿಸಿಕೊಂಡಿದ್ದ "ಎಳೆಯ ರಾಜ" ಹೆನ್ರಿಗೆ ಯುದ್ಧವಿದ್ಯೆ ಕಲಿಸುವ ಕೆಲಸ ಸಿಕ್ಕಿತು. ಆ ಹೆನ್ರಿ 1183ರಲ್ಲಿ ಸತ್ತಾಗ ಅವನ ಹರಕೆ ತೀರಿಸಲು ವಿಲಿಯಂ ಜೆರುಸಲೇಮಿಗೆ ಹೋಗಿಬಂದ, ಆಮೇಲೆ ಹಿರಿಯ ಹೆನ್ರಿಯ ಸೇವೆಗೆ ಸೇರಿದ.

ನಲವತ್ತು ಸಮೀಪಿಸಿದರೂ ಮದುವೆ ಇಲ್ಲ, ಹೇಳಿಕೊಳ್ಳುವಂಥ ಜಮೀನೂ ಇಲ್ಲ. ಜಮೀನಿಲ್ಲದ ನೈಟ್‌ಗೆ ಇದ್ದ ದಾರಿ ಒಂದೇ, ವಾರಸುದಾರಿಣಿಯನ್ನು ಮದುವೆಯಾಗುವುದು. ಅಣ್ಣತಮ್ಮಂದಿರಿಲ್ಲದ ಹುಡುಗಿಯ ಅಪ್ಪ ಸತ್ತರೆ ಅವಳು ರಾಜನ ಪಾಲನೆಗೆ ಬರುತ್ತಿದ್ದಳು. ಅವಳನ್ನು ಯಾರಿಗೆ ಕೊಡಬೇಕೆಂಬುದು ರಾಜನ ಮರ್ಜಿ. ಸೇವಕರಿಗೆ ಕೊಡುವ ಬಹುಮಾನಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ, ಖಜಾನೆಯಿಂದ ಕಾಸೂ ಖರ್ಚಾಗುವುದಿಲ್ಲ. ಹೆನ್ರಿ ಮೊದಲು ಲ್ಯಾಂಕಾಸ್ಟರಿನ ಹೆಲೋಯೀಸ್ ಎಂಬವಳ ಪಾಲನೆಯನ್ನು ವಿಲಿಯಂಗೆ ಒಪ್ಪಿಸಿದ. ಮದುವೆಯಾಗಬಹುದಿತ್ತು, ಆಗಲಿಲ್ಲ, ಮರ್ಯಾದೆಯಿಂದ ನೋಡಿಕೊಂಡ ಅಷ್ಟೇ. ಇನ್ನೂ ದೊಡ್ಡದಕ್ಕೆ ಕಾಯುತ್ತಿದ್ದ ಎಂದೇ ನನ್ನ ಊಹೆ. ಕಾದದ್ದು ವ್ಯರ್ಥವಾಗಲಿಲ್ಲ. ಹೆನ್ರಿ ಕೊನೆಗಾಲದಲ್ಲಿ ಇಸಬೆಲ್ ಡಿ ಕ್ಲೇರ್‌ಳನ್ನು ಕೊಡುತ್ತೇನೆಂದು ಮಾತು ಕೊಟ್ಟ.

ಇಸಬೆಲ್ ಯಾರೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಐರ್ಲೆಂಡಿಗೆ ದಂಡೆತ್ತಿ ಹೋದ "ಸ್ಟ್ರಾಂಗ್‌ಬೋ" ರಿಚರ್ಡ್ ಡಿ ಕ್ಲೇರ್ ಅವಳ ತಂದೆ. ತಾಯಿ ಈಫಾ, ಲೆನ್‌ಸ್ಟರಿನ ಐರಿಷ್ ರಾಜ ಡರ್ಮಟ್ ಮ್ಯಾಕ್‌ಮರೊನ ಮಗಳು. ತಂದೆ 1176ರಲ್ಲಿ ತೀರಿಕೊಂಡ. ಒಬ್ಬನೇ ತಮ್ಮ ಗಿಲ್ಬರ್ಟ್ ಪ್ರಾಯಕ್ಕೆ ಬರುವ ಮುಂಚೆಯೇ ಸತ್ತ. ಹಾಗಾಗಿ ಐರ್ಲೆಂಡಿನ ಲೆನ್‌ಸ್ಟರ್, ವೇಲ್ಸಿನ ಗಡಿಯ ಚೆಪ್‌ಸ್ಟೋ, ನಾರ್ಮಂಡಿ ಮತ್ತು ಇಂಗ್ಲೆಂಡಿನ ಜಮೀನುಗಳು, ಪೆಂಬ್ರೋಕಿನ ಮೇಲಿನ ಹಕ್ಕು ಎಲ್ಲವೂ ಈ ಹುಡುಗಿಯ ಹೆಸರಿಗೆ. ಅವಳು ಲಂಡನ್ ಕೋಟೆಯಲ್ಲಿ ರಾಜನ ಕಾವಲಿನಲ್ಲಿದ್ದಳು.

ಮದುವೆಗೆ ಮುಂಚೆ 1189ರ ಜುಲೈನಲ್ಲಿ ಹೆನ್ರಿ ಸತ್ತ. ಹೊಸ ರಾಜ ರಿಚರ್ಡ್. ಇಲ್ಲೊಂದು ಪೇಚು. ಕೆಲವೇ ವಾರಗಳ ಹಿಂದೆ, ತಂದೆಯ ಮೇಲೆ ದಂಡೆತ್ತಿ ಬಂದಿದ್ದ ಇದೇ ರಿಚರ್ಡ್ ಲೆ ಮಾನ್ಸ್ ಬಳಿ ಓಡುತ್ತಿದ್ದ ಹೆನ್ರಿಯನ್ನು ಅಟ್ಟಿಸಿಕೊಂಡು ಬಂದಾಗ, ವಿಲಿಯಂ ತಿರುಗಿ ನಿಂತು ಅವನ ಕುದುರೆಯನ್ನು ಈಟಿಯಿಂದ ತಿವಿದು ಕೊಂದಿದ್ದ. ಈಗ ಅವನ ಮುಂದೆಯೇ ಕೈಕಟ್ಟಿ ನಿಲ್ಲಬೇಕು. ನೀನು ನನ್ನನ್ನು ಕೊಲ್ಲಲು ನೋಡಿದೆ ಎಂದು ರಿಚರ್ಡ್ ಕೆಣಕಿದರೆ, ಕೊಲ್ಲಬೇಕೆಂದಿದ್ದರೆ ಈಟಿಯ ಗುರಿ ತಪ್ಪುತ್ತಿರಲಿಲ್ಲ ಎಂದು ವಿಲಿಯಂ ಉತ್ತರಿಸಿದ. ರಿಚರ್ಡನಿಗೆ ಮನುಷ್ಯರ ಬೆಲೆ ಗೊತ್ತಿತ್ತು. ಅಪ್ಪ ಬರೀ ಮಾತು ಕೊಟ್ಟಿದ್ದ, ನಾನು ಹುಡುಗಿಯನ್ನೇ ಕೊಡುತ್ತೇನೆ ಎಂದ. ವಿಲಿಯಂ ತಡಮಾಡದೆ ಲಂಡನ್ನಿಗೆ ಧಾವಿಸಿದ. ಮದುವೆಯ ಖರ್ಚನ್ನೂ ಅಲ್ಲಿ ಅವನು ಇಳಿದುಕೊಂಡಿದ್ದ ಮನೆಯ ಸಾಹುಕಾರನೇ ಹಾಕಿದ. ವರನಿಗೆ ಸುಮಾರು ನಲವತ್ತೆರಡು, ವಧುವಿಗೆ ಹದಿನೇಳರ ಆಸುಪಾಸು.

ಇಪ್ಪತ್ತು ವರ್ಷಗಳಲ್ಲಿ ಹತ್ತು ಮಕ್ಕಳಾದವು. ಆ ಕಾಲದಲ್ಲಿ ಹತ್ತಕ್ಕೆ ಹತ್ತೂ ಉಳಿದು ದೊಡ್ಡವರಾದದ್ದು ಸಾಮಾನ್ಯ ಸಂಗತಿಯಲ್ಲ. 1194ರಲ್ಲಿ ಅಣ್ಣ ಸತ್ತು ಮಾರ್ಷಲ್ ಹುದ್ದೆ ವಿಲಿಯಂಗೆ ಬಂತು. 1199ರಲ್ಲಿ ರಾಜ ಜಾನ್ ಅವನನ್ನು ಪೆಂಬ್ರೋಕಿನ ಅರ್ಲ್ ಮಾಡಿದ. ಇಸಬೆಲ್ ಬರೀ ಆಸ್ತಿ ತಂದ ಹೆಂಡತಿಯಾಗಿರಲಿಲ್ಲ ಎಂಬುದಕ್ಕೆ 1207ರ ಘಟನೆ ನೋಡಿ. ಜಾನನ ಕರೆಗೆ ಓಗೊಟ್ಟು ಐರ್ಲೆಂಡಿನಿಂದ ಹೊರಡಬೇಕಾದಾಗ ವಿಲಿಯಂ ತನ್ನ ಸಾಮಂತರನ್ನು ಕಿಲ್‌ಕೆನ್ನಿಯಲ್ಲಿ ಸೇರಿಸಿ, ಬಸುರಿ ಹೆಂಡತಿಯ ಕೈಹಿಡಿದು ಅವರೆದುರು ನಿಲ್ಲಿಸಿದ. ಇವಳು ಹುಟ್ಟಿನಿಂದ ನಿಮ್ಮ ಒಡತಿ, ನಿಮಗೆಲ್ಲ ಭೂಮಿ ಕೊಟ್ಟ ಅರ್ಲನ ಮಗಳು. ನನಗೆ ಇಲ್ಲಿರುವುದೆಲ್ಲ ಇವಳಿಂದಲೇ ಬಂದದ್ದು ಎಂಬರ್ಥದ ಮಾತು ಹೇಳಿ, ಅವಳನ್ನು ಅವರ ಕಾವಲಿಗೆ ಬಿಟ್ಟು ಹೋದ. ಇಬ್ಬರು ಹಿರಿಯ ಗಂಡುಮಕ್ಕಳು ಆಗಲೇ ಜಾನನ ಕೈಯಲ್ಲಿ ಒತ್ತೆ. ಸಾಮಂತರಲ್ಲಿ ಕೆಲವರು ತಿರುಗಿಬಿದ್ದು ಕಿಲ್‌ಕೆನ್ನಿಗೆ ಮುತ್ತಿಗೆಯೂ ಬಿತ್ತು, ಇಸಬೆಲ್ ಬಗ್ಗಲಿಲ್ಲ.

ರಾಜಕೀಯದ ಕಥೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. 1215ರಲ್ಲಿ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಸನ್ನದಿನ ಜಗಳದಲ್ಲಿ ವಿಲಿಯಂ ರಾಜನ ಪಕ್ಷ. ಅವನ ಹಿರಿಯ ಮಗ ಬಂಡಾಯಗಾರರ ಪಕ್ಷ, ಸನ್ನದು ಜಾರಿಯಾಗುವುದನ್ನು ನೋಡಿಕೊಳ್ಳುವ ಇಪ್ಪತ್ತೈದು ಬ್ಯಾರನ್‌ಗಳಲ್ಲಿ ಒಬ್ಬ. ಯಾರು ಗೆದ್ದರೂ ಮನೆ ಉಳಿಯಲಿ ಎಂದು ಅಪ್ಪ ಮಗ ಲೆಕ್ಕಹಾಕಿದ್ದರೇ? ಹಾಗೆಂದು ಶಂಕಿಸುವ ಇತಿಹಾಸಕಾರರಿದ್ದಾರೆ. ಪದ್ಯ ಮಾತ್ರ ಇಲ್ಲಿ ಬಾಯಿ ಬಿಡುವುದಿಲ್ಲ. 1216ರ ಅಕ್ಟೋಬರಿನಲ್ಲಿ ಜಾನ್ ಸತ್ತಾಗ ಮಗ ಹೆನ್ರಿಗೆ ಒಂಬತ್ತು ವರ್ಷ, ಅರ್ಧ ದೇಶ ಫ್ರಾನ್ಸಿನ ರಾಜಕುಮಾರ ಲೂಯಿಯ ಕೈಯಲ್ಲಿ. ಎಪ್ಪತ್ತರ ಹತ್ತಿರದ ವಿಲಿಯಂ ರಾಜಪ್ರತಿನಿಧಿಯಾದ. ಮರುವರ್ಷ ಮೇ 20ರಂದು ಲಿಂಕನ್ ಕಾಳಗದಲ್ಲಿ ತಾನೇ ಕುದುರೆಯೇರಿ ನುಗ್ಗಿ ಗೆದ್ದ. ಆತುರದಲ್ಲಿ ಶಿರಸ್ತ್ರಾಣ ಹಾಕಿಕೊಳ್ಳುವುದನ್ನೇ ಮರೆತಿದ್ದನಂತೆ. 1216 ಮತ್ತು 1217ರಲ್ಲಿ ಮ್ಯಾಗ್ನಾ ಕಾರ್ಟಾವನ್ನು ತಿದ್ದಿ ಮತ್ತೆ ಹೊರಡಿಸಿದ್ದು ಅವನದೇ ಮುದ್ರೆಯಡಿ.

1219ರ ಮೇ 14ರಂದು ರೀಡಿಂಗ್ ಬಳಿಯ ಕ್ಯಾವರ್‌ಶಮ್‌ನಲ್ಲಿ ಅವನು ತೀರಿಕೊಂಡ. ಆ ಕೊನೆಯ ವಾರಗಳನ್ನು ಪದ್ಯ ತುಂಬ ವಿವರವಾಗಿ ಹೇಳುತ್ತದೆ. ನಿಮ್ಮ ಪ್ರಶ್ನೆಗೆ ಬೇಕಾದ ಆಸ್ತಿ ಹಂಚಿಕೆಯೂ ಅಲ್ಲಿಯೇ ಬರುವುದರಿಂದ ಕೊಂಚ ನಿಲ್ಲೋಣ. ಇಂಗ್ಲೆಂಡ್, ವೇಲ್ಸ್, ಐರ್ಲೆಂಡಿನ ಆಸ್ತಿ ಹಿರಿಯ ಮಗ ವಿಲಿಯಂಗೆ, ನಾರ್ಮಂಡಿಯದು ಎರಡನೆಯ ರಿಚರ್ಡನಿಗೆ. ಗಿಲ್ಬರ್ಟ್ ಚರ್ಚಿನ ಸೇವೆಗೆ ಹೋಗುವವನು. ವಾಲ್ಟರ್‌ಗೆ ಸ್ವಲ್ಪ ಜಮೀನು. ಕಡೆಯವನಾದ ಆನ್ಸೆಲ್‌ನಿಗೆ ಏನೂ ಬೇಡ, ನಾನು ಮಾಡಿದ ಹಾಗೆ ದುಡಿದು ಮೇಲೆ ಬರಲಿ ಎಂದ ಅಪ್ಪ. ಎಷ್ಟೋ ವರ್ಷ ಜೊತೆಗಿದ್ದ ಬಂಟ ಅರ್ಲಿಯ ಜಾನ್ ಇದನ್ನು ಒಪ್ಪಲಿಲ್ಲ. ಕುದುರೆಗೆ ಲಾಳ ಹೊಡೆಸುವಷ್ಟಾದರೂ ಬೇಡವೇ ಎಂದು ಕೇಳಿದ. ಆಗ ವರ್ಷಕ್ಕೆ 140 ಪೌಂಡ್ ಹುಟ್ಟುವ ಜಮೀನು ಬರೆದುಕೊಟ್ಟ. ಇನ್ನೂ ಮದುವೆಯಾಗದ ಕಿರಿಮಗಳು ಜೋನ್‌ಳ ಚಿಂತೆ ಅವನನ್ನು ಬಹಳ ಕಾಡಿತ್ತು, ಅವಳಿಗೂ ಪಾಲು ಇಟ್ಟ.

ಟೂರ್ನಮೆಂಟಿನಲ್ಲಿ ಗಳಿಸಿದ್ದನ್ನೆಲ್ಲ ಹಿಂದಿರುಗಿಸದಿದ್ದರೆ ಮೋಕ್ಷವಿಲ್ಲ ಎಂದು ಚರ್ಚಿನವರು ಹೇಳುತ್ತಾರಲ್ಲ ಎಂಬ ಮಾತು ಬಂದಾಗ ಮುದುಕ ಸಿಡಿದ. ಐನೂರು ನೈಟ್‌ಗಳನ್ನು ಹಿಡಿದಿದ್ದೇನೆ, ಹಿಂದಿರುಗಿಸುವುದು ನನ್ನಿಂದಾಗದು. ಅದಕ್ಕಾಗಿ ಸ್ವರ್ಗದ ಬಾಗಿಲು ಮುಚ್ಚುವುದಾದರೆ ಯಾರೂ ಒಳಗೆ ಹೋಗಲಾರರು ಎಂದ. ಇನ್ನೊಂದು ದಿನ ಅವನಿಗೆ ಹಾಡಬೇಕೆನ್ನಿಸಿತು, ನಾಚಿಕೆಯಾಗಿ ಸುಮ್ಮನಾದ. ಹೆಣ್ಣುಮಕ್ಕಳನ್ನು ಕರೆಸಿದರು. ದೊಡ್ಡವಳು ಮಾಡ್ ಮನಸ್ಸಿಲ್ಲದಿದ್ದರೂ ಅಪ್ಪನಿಗಾಗಿ ಹಾಡಿದಳು. ಜೋನ್ ಹಾಡುವಾಗ ನಾಚಿದಳು. ಹಾಗೆ ಸಂಕೋಚಪಟ್ಟರೆ ಹಾಡು ಕೆಡುತ್ತದೆ ಎಂದು ಹೇಳಿ, ಹೇಗೆ ಹಾಡಬೇಕೆಂದು ತೋರಿಸಿಕೊಟ್ಟ. ಕೊನೆಗೆ ಯೋಧ ಸನ್ಯಾಸಿಗಳ ಟೆಂಪ್ಲರ್ ಪಂಥಕ್ಕೆ ಸೇರಿದ. ಸೇರಿದ ಮೇಲೆ ಹೆಂಗಸರನ್ನು ಮುಟ್ಟುವಂತಿಲ್ಲ. ಅದಕ್ಕೆ ಮುಂಚೆ ಇಸಬೆಲ್‌ಳನ್ನು ಕರೆದು, ಈಗ ಮುತ್ತು ಕೊಡು, ಇನ್ನು ಮೇಲೆ ಆಗುವುದಿಲ್ಲ ಎಂದ. ಇಬ್ಬರೂ ಅತ್ತರು. ಅವನನ್ನು ಹೂತದ್ದು ನೀವು ನೋಡಿದ ಟೆಂಪಲ್ ಚರ್ಚಿನಲ್ಲೇ. ಇಸಬೆಲ್ ಮರುವರ್ಷವೇ ತೀರಿಕೊಂಡಳು.

ಈಗ ಗಂಡುಮಕ್ಕಳ ಸರದಿ. ಅಣ್ಣನಿಗೆ ಮಕ್ಕಳಿಲ್ಲದಿದ್ದರೆ ಆಸ್ತಿ ತಮ್ಮನಿಗೆ. ಹಾಗೆ ಐವರ ಕೈಯಲ್ಲೂ ಅದು ಹಾದುಹೋಯಿತು.

ಹಿರಿಯ ಮಗ ವಿಲಿಯಂನ ಮೊದಲ ಹೆಂಡತಿ ಆಲಿಸ್ ಮದುವೆಯಾದ ಸ್ವಲ್ಪದರಲ್ಲೇ ಸತ್ತಳು. 1224ರಲ್ಲಿ ರಾಜ ಮೂರನೆಯ ಹೆನ್ರಿಯ ತಂಗಿ ಎಲೀನರ್‌ಳನ್ನು ಮದುವೆಯಾದ. ಬಹು ದೊಡ್ಡ ಸಂಬಂಧ, ಆದರೆ ವಧುವಿಗೆ ಒಂಬತ್ತೇ ವರ್ಷ. 1231ರ ಏಪ್ರಿಲಿನಲ್ಲಿ ಗಂಡ ಸತ್ತಾಗ ಅವಳಿಗೆ ಹದಿನಾರು. ಸಂತಾನವಾಗದಿರಲು ಶಾಪ ಬೇಕೇ? ವಧುವಿನ ವಯಸ್ಸೇ ಸಾಕು.

ರಿಚರ್ಡ್ ಬ್ರಿಟನಿಯ ವಿಧವೆ ಗೆರ್ವೇಸ್‌ಳನ್ನು ಮದುವೆಯಾಗಿದ್ದ. ಅವಳಿಗೆ ಹಿಂದಿನ ಮದುವೆಯಲ್ಲಿ ಹೆಣ್ಣುಮಕ್ಕಳಾಗಿದ್ದರು, ಇವನಿಂದ ಆಗಲಿಲ್ಲ. 1233ರಲ್ಲಿ ರಾಜನ ಸುತ್ತ ಸೇರಿಕೊಂಡ ಆಪ್ತರ ಗುಂಪಿನ ವಿರುದ್ಧ ಬಂಡೆದ್ದ. 1234ರ ಏಪ್ರಿಲ್ 1ರಂದು ಐರ್ಲೆಂಡಿನ ಕರಾ ಬಯಲಿನಲ್ಲಿ ಜೊತೆಯವರೆಲ್ಲ ಕೈಬಿಟ್ಟ ಮೇಲೂ ಕಾದಾಡಿ ಗಾಯಗೊಂಡು, ಎರಡು ವಾರದಲ್ಲಿ ಸತ್ತ. ಐವರಲ್ಲಿ ಅಪ್ಪನ ಕೆಚ್ಚು ಬಂದದ್ದು ಇವನಿಗೇ ಎಂದು ನನ್ನ ಅಭಿಪ್ರಾಯ; ಅಪ್ಪನ ಜಾಣತನ ಬರಲಿಲ್ಲ.

ಪಾದ್ರಿಯಾಗಬೇಕಿದ್ದ ಗಿಲ್ಬರ್ಟ್ ಈಗ ಅರ್ಲ್ ಆಗಬೇಕಾಯಿತು. 1235ರಲ್ಲಿ ಸ್ಕಾಟ್ಲೆಂಡಿನ ರಾಜನ ತಂಗಿಯನ್ನು ಮದುವೆಯಾದ. ಪುಸ್ತಕ ಹಿಡಿದು ಬೆಳೆದವನು ಎಂಬ ಮಾತಿಗೆ ಉತ್ತರ ಕೊಡಲೋ ಏನೋ, 1241ರ ಜೂನ್ 27ರಂದು ಹರ್ಟ್‌ಫರ್ಡ್ ಬಳಿ ಟೂರ್ನಮೆಂಟಿಗಿಳಿದ. ಲಗಾಮು ಹರಿದು, ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡು, ಕುದುರೆ ಎಳೆದಾಡಿ ಸತ್ತ. ಅಪ್ಪನಿಗೆ ಅನ್ನ ಕೊಟ್ಟ ಆಟ ಅದು. ಆ ಟೂರ್ನಮೆಂಟಿಗೆ ರಾಜನ ನಿಷೇಧವಿತ್ತು, ವಾಲ್ಟರ್ ಕೂಡ ಅಲ್ಲಿದ್ದ. ಹಾಗಾಗಿ ಸಿಟ್ಟಾದ ಹೆನ್ರಿ ಅವನಿಗೆ ಅರ್ಲ್ ಪದವಿ ಕೊಡಲು ತಿಂಗಳುಗಟ್ಟಲೆ ಸತಾಯಿಸಿದ. ವಾಲ್ಟರ್ 1242ರಲ್ಲಿ ಲಿಂಕನ್ನಿನ ಕೌಂಟೆಸ್ ಮಾರ್ಗರೆಟ್‌ಳನ್ನು ಮದುವೆಯಾಗಿ 1245ರ ನವೆಂಬರಿನಲ್ಲಿ ಗುಡ್ರಿಚ್ ಕೋಟೆಯಲ್ಲಿ ಸತ್ತ. ಅದಾಗಿ ಒಂದು ತಿಂಗಳೂ ತುಂಬಿರಲಿಲ್ಲ. ಏನೂ ಬೇಡ ಎಂದು ಅಪ್ಪ ಮೊದಲು ಹೇಳಿದ್ದ ಆನ್ಸೆಲ್, ಎಲ್ಲದಕ್ಕೂ ವಾರಸುದಾರನಾದವನು, ಅರ್ಲ್ ಎಂದು ಪಟ್ಟವಾಗುವ ಮುಂಚೆಯೇ ಚೆಪ್‌ಸ್ಟೋದಲ್ಲಿ ಕಣ್ಣುಮುಚ್ಚಿದ.

ಶಾಪದ ವಿಚಾರ. ಐರ್ಲೆಂಡಿನ ಫರ್ನ್ಸ್ ಎಂಬಲ್ಲಿನ ಬಿಷಪ್ ತನ್ನ ಚರ್ಚಿನ ಎರಡು ಹಳ್ಳಿಗಳನ್ನು ವಿಲಿಯಂ ಕಸಿದುಕೊಂಡನೆಂದು ಅವನಿಗೆ ಬಹಿಷ್ಕಾರ ಹಾಕಿದ್ದ. ಈ ವ್ಯಾಜ್ಯ ಕಟ್ಟುಕಥೆಯಲ್ಲ. ವಿಲಿಯಂ ಸತ್ತ ಮೇಲೆ ಬಿಷಪ್ ಲಂಡನ್ನಿಗೆ ಬಂದು ಸಮಾಧಿಯ ಮುಂದೆ ನಿಂತು, ಹಳ್ಳಿಗಳನ್ನು ಮರಳಿಸಿದರೆ ಆತ್ಮಕ್ಕೆ ಬಿಡುಗಡೆ ಎಂದ, ಮಕ್ಕಳು ಒಪ್ಪಲಿಲ್ಲ, ಆಗ ಒಂದೇ ತಲೆಮಾರಿನಲ್ಲಿ ಈ ಹೆಸರು ಅಳಿಯಲಿ ಎಂದು ಶಪಿಸಿದ ಎನ್ನುತ್ತದೆ ಕಥೆ. ಇದನ್ನು ಬರೆದಿಟ್ಟವನು ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್. 1245ರಲ್ಲಿ ಕೊನೆಯ ಇಬ್ಬರ ಸಾವಿನ ಜೊತೆಗೇ ಈ ಕಥೆಯನ್ನು ಹೇಳುತ್ತಾನೆ. ಫಲ ಕಣ್ಣೆದುರಿಗಿರುವಾಗ ಬೀಜ ಹುಡುಕುವುದು ಸುಲಭ. ಚರ್ಚಿನ ಭೂಮಿ ಮುಟ್ಟಿದರೆ ಏನಾಗುತ್ತದೆ ನೋಡಿ ಎಂದು ಹೇಳಲು ಮಠದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ದತ್ತು ಯಾಕಿಲ್ಲ ಎಂದಿರಿ. ನಮಗೆ ಸಹಜವಾಗಿ ಹೊಳೆಯುವ ಪ್ರಶ್ನೆ. ಉತ್ತರ: ಇಂಗ್ಲೆಂಡಿನ ಕಾನೂನಿನಲ್ಲಿ ದತ್ತು ಎಂಬುದೇ ಇರಲಿಲ್ಲ. ಅಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1926ರಲ್ಲಿ! ವಾರಸುದಾರನನ್ನು ದೇವರು ಮಾಡಬೇಕೇ ಹೊರತು ಮನುಷ್ಯ ಮಾಡಲಾಗದು ಎಂಬುದು ಆಗಿನ ನ್ಯಾಯವಾದಿಗಳ ನಿಲುವು. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೂ ಹಕ್ಕಿಲ್ಲ. ಗಿಲ್ಬರ್ಟನಿಗೆ ಅಂಥ ಒಬ್ಬ ಮಗಳಿದ್ದಳು, ವೇಲ್ಸಿನ ಒಬ್ಬ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟರು. ಆಸ್ತಿಯ ಮಾತು ಬಂದಾಗ ಅವಳು ಲೆಕ್ಕಕ್ಕಿಲ್ಲ. ತಂದೆತಾಯಿ ಆಮೇಲೆ ಮದುವೆಯಾದರೆ ಮೊದಲೇ ಹುಟ್ಟಿದ ಮಕ್ಕಳನ್ನೂ ಸಕ್ರಮ ಎನ್ನೋಣ ಎಂದು 1236ರಲ್ಲಿ ಮರ್ಟನ್ ಸಭೆಯಲ್ಲಿ ಬಿಷಪ್ಪರು ಕೇಳಿದರೆ, ಇಂಗ್ಲೆಂಡಿನ ಕಾನೂನನ್ನು ಬದಲಿಸಲು ನಾವು ಒಪ್ಪೆವು ಎಂದು ಬ್ಯಾರನ್‌ಗಳು ಒಕ್ಕೊರಲಿನಿಂದ ತಳ್ಳಿಹಾಕಿದ್ದರು.

ಕಾನೂನು ಒಪ್ಪಿದ ವಾರಸುದಾರರು ಹೆಣ್ಣುಮಕ್ಕಳು. ಗಂಡುಮಕ್ಕಳಿದ್ದರೆ ಹಿರಿಯನಿಗೇ ಎಲ್ಲ, ಹೆಣ್ಣುಮಕ್ಕಳೇ ಉಳಿದರೆ ಎಲ್ಲರಿಗೂ ಸಮಪಾಲು. ಹಿರಿಯಳಿಗೆ ಕೋಟೆಯೊಂದು ಆದ್ಯತೆಯಲ್ಲಿ ಸಿಗಬಹುದು, ಬೆಲೆಯಲ್ಲಿ ಐವರಿಗೂ ಸಮ. 1247ರ ಹೊತ್ತಿಗೆ ಹಂಚಿಕೆ ಮುಗಿಯಿತು. ಲೆನ್‌ಸ್ಟರನ್ನು ಐದು ತುಂಡು ಮಾಡಿದರು: ಮಾಡ್‌ಗೆ ಕಾರ್ಲೋ, ತಾಯಿಯ ಹೆಸರನ್ನೇ ಹೊತ್ತ ಮಗಳು ಇಸಬೆಲ್‌ಳ ಕಡೆಯವರಿಗೆ ಕಿಲ್‌ಕೆನ್ನಿ, ಸಿಬಿಲ್‌ಳ ಕಡೆಯವರಿಗೆ ಕಿಲ್ಡೇರ್, ಈವಾಳ ಕಡೆಯವರಿಗೆ ಡನಮೇಸ್, ಜೋನ್‌ಳ ಕಡೆಯವರಿಗೆ ವೆಕ್ಸ್‌ಫರ್ಡ್. ಅಷ್ಟರಲ್ಲಿ ಮಾಡ್ ಒಬ್ಬಳನ್ನು ಬಿಟ್ಟು ಉಳಿದ ಅಕ್ಕತಂಗಿಯರು ತೀರಿಕೊಂಡಿದ್ದರು, ಪಾಲು ಅವರ ಮಕ್ಕಳಿಗೆ ಬಂತು.

ಇಲ್ಲಿಂದ ಮುಂದೆ ಕುತೂಹಲ ಹೆಚ್ಚುತ್ತದೆ. ಸಿಬಿಲ್‌ಳಿಗೆ ಏಳು ಹೆಣ್ಣುಮಕ್ಕಳು, ಹಾಗಾಗಿ ಐದರಲ್ಲೊಂದು ಪಾಲು ಮತ್ತೆ ಏಳಾಯಿತು. ಈವಾಳ ಗಂಡ ವಿಲಿಯಂ ಡಿ ಬ್ರಾಸ್ ವೇಲ್ಸಿನ ದೊರೆ ಲ್ಲುವೆಲಿನ್‌ನ ಹೆಂಡತಿಯ ಜೊತೆ ಸಿಕ್ಕಿಬಿದ್ದು 1230ರಲ್ಲಿ ನೇಣಿಗೇರಿದ. ಅಷ್ಟಾದರೂ ಅವನ ಮಗಳು ಅದೇ ಲ್ಲುವೆಲಿನ್‌ನ ಮಗನಿಗೆ ಹೆಂಡತಿಯಾದಳು, ಮೊದಲೇ ನಿಶ್ಚಯವಾಗಿದ್ದ ಸಂಬಂಧವನ್ನು ಎರಡೂ ಕಡೆಯವರು ಬಿಡಲಿಲ್ಲ. ಇಸಬೆಲ್ ಮೊದಲು ಗಿಲ್ಬರ್ಟ್ ಡಿ ಕ್ಲೇರ್‌ನನ್ನೂ ಅವನು ಸತ್ತ ಮೇಲೆ ರಾಜನ ತಮ್ಮನನ್ನೂ ಮದುವೆಯಾದಳು. ಮೊದಲ ಮದುವೆಯ ಮಗಳು ಸ್ಕಾಟ್ಲೆಂಡಿನ ಬ್ರೂಸ್ ಮನೆತನಕ್ಕೆ ಸೊಸೆಯಾಗಿ ಹೋದಳು, ಅವಳ ಮೊಮ್ಮಗನೇ ರಾಜ ರಾಬರ್ಟ್. ಸಾಯುವಾಗ ಅಪ್ಪ ಚಿಂತಿಸಿದ್ದ ಜೋನ್‌ಳ ಮಗಳು ರಾಜನ ಮಲತಮ್ಮ ವಿಲಿಯಂ ಡಿ ವೇಲೆನ್ಸ್‌ನ ಕೈಹಿಡಿದಳು, ಪೆಂಬ್ರೋಕ್ ಅವಳ ಜೊತೆ ಹೋಯಿತು. ಮಾಡ್‌ಗೆ ಚೆಪ್‌ಸ್ಟೋ ಜೊತೆಗೆ ಮಾರ್ಷಲ್ ಹುದ್ದೆಯೂ ಬಂದು ಮಗ ರೋಜರ್ ಬಿಗಡ್‌ನಿಗೆ ದಾಟಿತು. ಬಿಗಡ್ ಮನೆತನ ಮುಗಿದ ಮೇಲೂ ಹುದ್ದೆ ನಾರ್ಫೋಕಿನ ಒಡೆಯರ ಜೊತೆಗೇ ಬೆಸೆದುಕೊಂಡಿತು. ಇಂದಿಗೂ ನಾರ್ಫೋಕಿನ ಡ್ಯೂಕ್ ಅರ್ಲ್ ಮಾರ್ಷಲ್. 2023ರಲ್ಲಿ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ವ್ಯವಸ್ಥೆಯ ಹೊಣೆ ಹೊತ್ತದ್ದು ಅವರೇ.

ಆಸ್ತಿ ಯಾರ ಪಾಲಾಯಿತು ಎಂಬುದಕ್ಕೆ ಅಕ್ಕತಂಗಿಯರಷ್ಟೇ ಪೂರ್ತಿ ಉತ್ತರವಲ್ಲ, ವಿಧವೆಯರನ್ನೂ ಸೇರಿಸಬೇಕು. ಗಂಡ ಸತ್ತರೆ ಅವನ ಜಮೀನಿನ ಮೂರನೆಯ ಒಂದು ಭಾಗ ಹೆಂಡತಿಗೆ, ಅವಳು ಬದುಕಿರುವ ತನಕ. ಹಳೆಯ ವಾಡಿಕೆಯಿದು, ವಿಲಿಯಂ ಮಾರ್ಷಲನೇ ಮುದ್ರೆ ಒತ್ತಿ ಹೊರಡಿಸಿದ 1217ರ ಸನ್ನದಿನಲ್ಲೂ ಅದು ಇದೆ. ಐವರು ಅಣ್ಣತಮ್ಮಂದಿರು ಸಾಲಾಗಿ 1245ರೊಳಗೆ ಸತ್ತಾಗ ಅವರ ವಿಧವೆಯರು ಒಂದೇ ಆಸ್ತಿಯ ಮೇಲೆ ಒಬ್ಬರ ಹಿಂದೊಬ್ಬರು ಹಕ್ಕು ಹೊತ್ತು ಕೂತರು. ವಾಲ್ಟರನ ಮಾರ್ಗರೆಟ್ 1266ರ ತನಕ ಬದುಕಿದ್ದಳು. ಹಿರಿಯ ಮಗ ವಿಲಿಯಂನ ಎಲೀನರ್ 1275ರ ತನಕ.

ಈ ಎಲೀನರ್‌ಳ ಪಾಲೇ ಇಂಗ್ಲೆಂಡಿನ ರಾಜಕೀಯವನ್ನು ಕಲಕಿತು. ಗಂಡ ಸತ್ತಾಗ ಹದಿನಾರರ ಹುಡುಗಿಯ ಪರವಾಗಿ ಅಣ್ಣ ಹೆನ್ರಿ, ಐರ್ಲೆಂಡ್ ಮತ್ತು ವೇಲ್ಸಿನ ಹಕ್ಕಿಗೆ ಬದಲಾಗಿ ವರ್ಷಕ್ಕೆ 400 ಪೌಂಡಿಗೆ ಒಪ್ಪಿಬಿಟ್ಟ. ಸಿಗಬೇಕಾದ್ದಕ್ಕಿಂತ ಇದು ತೀರ ಕಡಿಮೆ ಎಂಬ ಕೊರಗು ಅವಳಿಗೆ ಕೊನೆಯವರೆಗೂ ಹೋಗಲಿಲ್ಲ, ಅದೂ ಸಮಯಕ್ಕೆ ಸರಿಯಾಗಿ ಬರುತ್ತಿರಲಿಲ್ಲ. 1238ರಲ್ಲಿ ಅವಳು ಸೈಮನ್ ಡಿ ಮಾಂಟ್‌ಫರ್ಟ್‌ನನ್ನು ಮದುವೆಯಾದ ಮೇಲೆ ಅದು ಅವನ ದೂರೂ ಆಯಿತು. ರಾಜನನ್ನೇ ಸೆರೆಹಿಡಿದು ದೇಶ ಆಳಿದ ಆ ಸೈಮನ್ನನ ಸಿಟ್ಟಿನ ಬೇರುಗಳಲ್ಲಿ ಹೆಂಡತಿಯ ಈ ಬಾಕಿಯೂ ಒಂದು. 1259ರಲ್ಲಿ ಹೆನ್ರಿ ಫ್ರಾನ್ಸಿನೊಡನೆ ಪ್ಯಾರಿಸ್ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಕಳೆದುಹೋದ ನಾರ್ಮಂಡಿ ಮುಂತಾದವುಗಳ ಮೇಲಿನ ಹಕ್ಕನ್ನು ಜಾನನ ಮಕ್ಕಳೆಲ್ಲ ಬಿಟ್ಟುಕೊಡಬೇಕೆಂದು ಫ್ರಾನ್ಸಿನ ರಾಜ ಒಂಬತ್ತನೆಯ ಲೂಯಿಯ ಷರತ್ತು. ಎಲೀನರ್ ಸಹಿಗೆ ಒಪ್ಪಲಿಲ್ಲ. ಮೊದಲು ನನ್ನ ಮಾರ್ಷಲ್ ಪಾಲು ಇತ್ಯರ್ಥವಾಗಲಿ ಎಂದಳು. ಎರಡು ರಾಜ್ಯಗಳ ಒಪ್ಪಂದ ತಿಂಗಳುಗಟ್ಟಲೆ ತಡೆಯಿತು. ಕೊನೆಗೆ ಲೂಯಿ ಹೆನ್ರಿಗೆ ಕೊಡಬೇಕಾದ ಹಣದಲ್ಲಿ 15,000 ಮಾರ್ಕ್‌ಗಳನ್ನು ಈ ವ್ಯಾಜ್ಯ ತೀರುವ ತನಕ ತನ್ನ ಬಳಿಯೇ ತಡೆಹಿಡಿಯುವುದೆಂದಾದ ಮೇಲೆ, ಡಿಸೆಂಬರ್ 4ರಂದು, ಅವಳು ಹಕ್ಕು ಬಿಟ್ಟುಕೊಟ್ಟಳು.